ಮುಳುಗಿದ ಅಣೆಕಟ್ಟು, ಉಳಿದ ಬಣ್ಣ

ಶರಾವತಿಯ ನೀರನ್ನು ತಡೆದು ಜೋಗದ ವಿದ್ಯುದಾಗಾರಕ್ಕೆ ಒದಗಿಸಲೆಂದು ಮಡೆನೂರಿನಲ್ಲಿ ನಿರ್ಮಿತವಾಗಿ, 1948ರಲ್ಲಿ ನಾಡಿಗೆ ಬೆಳಕನ್ನಿತ್ತ ಯೋಜನೆಗೆ ಆಧಾರವಾಗಿದ್ದ ಹಿರೇಭಾಸ್ಕರ ಅಣೆಕಟ್ಟು, ಎರಡು ದಶಕಗಳು ತುಂಬುವ ಮೊದಲೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತಾನೇ ಮುಳುಗಿಹೋಯಿತು. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಮಾತ್ರ ಅದರ ಗೋಡೆ ಮೇಲೆ ತೋರುವುದುಂಟು. ಸಾಗರದಲ್ಲಿ ನೆಲಸಿ ನಮ್ಮ ಸೀಮೆಯ ರೂಪಾಂತರವನ್ನು ತೈಲವರ್ಣದಲ್ಲಿ ಬರೆಯುತ್ತಿರುವ ನನಗೆ ಮೊದಲ ಪಾಠವನ್ನು ಕಲಿಸಿದುದು ಆ ಗೋಡೆಯೇ. ಒಂದು ಉದ್ಯಮವನ್ನು ಮುಳುಗಿಸುವುದು ಅನೇಕ ವೇಳೆ ಅದಕ್ಕಿಂತ ದೊಡ್ಡದಾದ ಮತ್ತೊಂದು ಉದ್ಯಮವಾಗಿರುವುದರಿಂದ, ಚಿತ್ರಕಾರನು ಪಾಳುಗಳನ್ನಷ್ಟೇ ಅರಸದೆ, ಇಂದು ಸುಣ್ಣ ಬಳಿದುಕೊಂಡು ನಿಂತಿರುವ ಕಟ್ಟಡವನ್ನೂ ಅಷ್ಟೇ ಆಸ್ಥೆಯಿಂದ ಬರೆಯತಕ್ಕದ್ದು. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನು ಅವು ಅರಳಿ ನಿಂತಿದ್ದಾಗಲೇ ಬರೆದರಷ್ಟೆ.

ತಾಳಗುಪ್ಪದ ಮೀಟರ್‌ಗೇಜ್ ಹಳಿಯ ಮೇಲೆ ಓಡುತ್ತಿದ್ದ ರೈಲುಬಸ್ಸು ಹೋಗಿ ಬ್ರಾಡ್‌ಗೇಜ್ ಬಂದಿತು. ಸಾಗರದ ಪೇಟೆಯಲ್ಲಿಯೂ ತೀರ್ಥಹಳ್ಳಿಯ ಅಂಗಡಿಬೀದಿಯಲ್ಲಿಯೂ, ಮಳೆಗಾಲಗಳನ್ನುಂಡು ಹಾವಸೆಗಪ್ಪಿಗೆ ತಿರುಗಿದ ಮಂಗಳೂರು ಹೆಂಚಿನ ಕೆಂಪಿನ ನಡುವೆ ತಗಡಿನ ಹೊಳೆಯುವ ನೀಲಿ ದಿನೇದಿನೇ ಹಬ್ಬುತ್ತಿದೆ. ಕಣ್ಣಿಗೆ ಹಿತವಲ್ಲವೆಂದು ಆ ನೀಲಿಯನ್ನು ಬಿಟ್ಟರೆ ಚಿತ್ರವು ಸುಂದರವಾದೀತು, ಸಾಕ್ಷ್ಯವಾಗಲಾರದು.

ನಮ್ಮ ಹವೆಯೂ ಗುರುವೇ. ಅಗಸೆ ಎಣ್ಣೆಯು ನೀರಿನಂತೆ ಆರಿಹೋಗದೆ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ವಸ್ತು. ಆಷಾಢದ ಥಂಡಿಯಲ್ಲಿ ಆ ಕ್ರಿಯೆ ಮಂದವಾಗಿ, ಕ್ಯಾನ್ವಾಸು ಸಡಿಲಗೊಂಡು, ಅದರ ಬೆನ್ನಿಗೆ ಬೂಸಲು ಹಿಡಿಯುತ್ತದೆ. ಆದುದರಿಂದ ಎಣ್ಣೆ ಕಡಮೆಯಿರುವ ತೆಳುಲೇಪಗಳನ್ನು ಮೊದಲು ಹಾಕಿ, ಎಣ್ಣೆ ಹೆಚ್ಚಿರುವ ದಪ್ಪಬಣ್ಣವನ್ನು ಮೇಲಕ್ಕೆ ಮೀಸಲಿಟ್ಟು, ದೀಪಾವಳಿಯ ಅನಂತರದ ಒಣಬಿಸಿಲಿನಲ್ಲಿ ಮುಗಿಸುವುದು ನನ್ನ ಕ್ರಮ.

ಹೊಸನಗರದ ಕಡೆಯಿಂದ ಮುಳುಗಡೆಯಲ್ಲಿ ಎದ್ದುಬಂದ ಮನೆತನದ ಹಿರಿಯರೊಬ್ಬರು ನನ್ನ ಹಿನ್ನೀರಿನ ಚಿತ್ರವನ್ನು ಬಹಳ ಹೊತ್ತು ನೋಡಿ, “ಇಲ್ಲೇ ನಮ್ಮ ಅಡಿಕೆ ತೋಟ ಇತ್ತು ಮಾರಾಯ, ಅದನ್ನೂ ಬರಿ” ಎಂದರು. ನಾನು ಕಾಣದ ತೋಟವನ್ನು ನೀರಿನ ಮೇಲೆ ಬರೆಯಲು ಮನಸ್ಸೊಪ್ಪಲಿಲ್ಲ. ಅವರ ಮಾತನ್ನು, ತೋಟದ ಎಲ್ಲೆಗಳೊಡನೆ, ಅವರೆದುರಿಗೇ ಕ್ಯಾನ್ವಾಸಿನ ಹಿಂಬದಿಯಲ್ಲಿ ಬರೆದಿಟ್ಟೆನು. ಕಣ್ಣು ಕಂಡದ್ದು ಮುಂದೆ, ನೆನಪು ಹೇಳಿದ್ದು ಹಿಂದೆ ಎಂಬ ಈ ನಿಯಮವನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಕುಂಚ ಹಿಡಿಯುವ ತರುಣರಲ್ಲಿ ನನ್ನ ವಿನಂತಿಯಿಷ್ಟೆ: ನಿಮ್ಮ ಬೀದಿಯ ಹೆಂಚಿನ ಮಾಡನ್ನು ಈ ಚಳಿಗಾಲದಲ್ಲಿಯೇ ಬರೆಯಿರಿ, ಹಿಂಬದಿಯಲ್ಲಿ ಊರು, ತಾರೀಖು, ಮನೆಯವರ ಮಾತು ಇರಲಿ.