ನಿಶ್ವಾಸದೊಳಗಿನ ರಸಾಯನ

ಸುಣ್ಣದ ತಿಳಿನೀರಿಗೆ ಗಾಜಿನ ಕೊಳವೆಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಶೇಕಡಾ 21ರಷ್ಟಿರುವ ಆಮ್ಲಜನಕವು ಹೊರಬರುವಾಗ ಸುಮಾರು 16ಕ್ಕೆ ಇಳಿದಿರುತ್ತದೆ. ಇಂಗಾಲದ ಡೈಆಕ್ಸೈಡು ಸುಮಾರು 4ಕ್ಕೆ ಏರಿರುತ್ತದೆ. ಪಠ್ಯಪುಸ್ತಕದ ಪಾಠ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಇವುಗಳೊಂದಿಗೆ ಅತ್ಯಲ್ಪ ಪ್ರಮಾಣದಲ್ಲಿ ನೂರಾರು ಬಾಷ್ಪಶೀಲ ವಸ್ತುಗಳು, ಅಂದರೆ ಸುಲಭವಾಗಿ ಆವಿಯಾಗುವ ವಸ್ತುಗಳು, ನಮ್ಮ ನಿಶ್ವಾಸದಲ್ಲಿ ಸೇರಿರುತ್ತವೆ.

ಇವು ಎಲ್ಲಿಂದ ಬರುತ್ತವೆ? ಶ್ವಾಸಕೋಶದಲ್ಲಿ ಕೋಟ್ಯಂತರ ಸೂಕ್ಷ್ಮ ವಾಯುಕೋಶಗಳಿವೆ. ಅಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರುವುದು ಅತಿ ತೆಳುವಾದ ಪೊರೆ ಮಾತ್ರ. ರಕ್ತದಲ್ಲಿ ಕರಗಿರುವ ಬಾಷ್ಪಶೀಲ ವಸ್ತುಗಳು ಆ ಪೊರೆಯನ್ನು ದಾಟಿ ಗಾಳಿಯನ್ನು ಸೇರುತ್ತವೆ. ಬೆಳ್ಳುಳ್ಳಿ ತಿಂದವರು ಎಷ್ಟು ಬಾಯಿ ಮುಕ್ಕಳಿಸಿದರೂ ಅದರ ವಾಸನೆ ಗಂಟೆಗಟ್ಟಲೆ ಉಳಿಯುವುದು ಇದರಿಂದಲೇ. ಅದರ ಗಂಧಕಯುಕ್ತ ವಸ್ತುವೊಂದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ ಸಾಗಿ ಬರುತ್ತದೆ.

1971ರಲ್ಲಿ ಅಮೆರಿಕೆಯ ಪ್ರಸಿದ್ಧ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಅವರ ಸಂಗಡಿಗರು ಉಸಿರನ್ನು ಅತಿಶೀತಲ ಕೊಳವೆಯಲ್ಲಿ ಹಿಡಿದಿಟ್ಟು, ಅನಂತರ ಕಾಯಿಸಿ, ಗ್ಯಾಸ್ ಕ್ರೊಮ್ಯಾಟೋಗ್ರಫಿ ಎಂಬ ವಿಧಾನದಿಂದ ಬೇರ್ಪಡಿಸಿದರು. ಈ ವಿಧಾನದಲ್ಲಿ ಬೇರೆ ಬೇರೆ ವಸ್ತುಗಳು ಉದ್ದನೆಯ ಸಣ್ಣ ನಳಿಗೆಯೊಂದನ್ನು ಬೇರೆ ಬೇರೆ ವೇಗದಲ್ಲಿ ದಾಟಿ, ಒಂದರ ಹಿಂದೊಂದು ಹೊರಬರುತ್ತವೆ. ಹೀಗೆ ಸುಮಾರು 250 ವಸ್ತುಗಳ ಸುಳಿವು ದೊರೆಯಿತು.

ಈ ಜ್ಞಾನವು ಇಂದು ಹಲವೆಡೆ ಬಳಕೆಯಲ್ಲಿದೆ. ಮದ್ಯಪಾನ ಮಾಡಿದ ಚಾಲಕನನ್ನು ಪತ್ತೆಹಚ್ಚುವ ಉಪಕರಣ ಎಲ್ಲರಿಗೂ ಪರಿಚಿತ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ನಮ್ಮ ದೇಶದಲ್ಲಿ ಅಪರಾಧ. ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನೂ ಉಸಿರಿನಿಂದ ಕಂಡುಹಿಡಿಯಬಹುದು. ಗುರುತಿನ ಇಂಗಾಲವುಳ್ಳ ಯೂರಿಯಾವನ್ನು ರೋಗಿಗೆ ಕುಡಿಸಿದಾಗ ಆ ಜೀವಿ ಅದನ್ನು ಒಡೆಯುತ್ತದೆ; ಗುರುತಿನ ಇಂಗಾಲವು ಡೈಆಕ್ಸೈಡಾಗಿ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಲಿನ ಸಕ್ಕರೆ ಜೀರ್ಣವಾಗದವರ ಉಸಿರಿನಲ್ಲಿ ಜಲಜನಕವೂ, ಕೆಲವು ಬಗೆಯ ಆಸ್ತಮಾ ರೋಗಿಗಳಲ್ಲಿ ನೈಟ್ರಿಕ್ ಆಕ್ಸೈಡೂ ಹೆಚ್ಚುತ್ತದೆ.

ಆದರೆ ಒಂದು ವಸ್ತು ಕಂಡಮಾತ್ರಕ್ಕೆ ರೋಗನಿರ್ಣಯವಾಯಿತೆಂದು ತಿಳಿಯಬಾರದು. ಅಸಿಟೋನನ್ನೇ ನೋಡೋಣ. ಶರೀರವು ಸಕ್ಕರೆಯ ಬದಲು ಕೊಬ್ಬನ್ನು ಉರಿಸತೊಡಗಿದಾಗ ಅದು ಹೆಚ್ಚುತ್ತದೆ. ಏಕಾದಶಿಯಂದು ನಿರಾಹಾರವಿದ್ದ ಆರೋಗ್ಯವಂತರಲ್ಲಿ ಇದು ಸಹಜ. ಇನ್ಸುಲಿನ್ ಸಾಲದ ಮಧುಮೇಹಿಯಲ್ಲಾದರೋ ಅದೇ ವಸ್ತು ಪ್ರಾಣಾಪಾಯದ ಸೂಚನೆಯಾಗಬಹುದು. ಇದಲ್ಲದೆ ಧೂಮಪಾನ, ಉಂಡ ಆಹಾರ, ಬಾಯಿಯ ಬ್ಯಾಕ್ಟೀರಿಯ, ಕೋಣೆಯ ಗಾಳಿ ಇವೆಲ್ಲವೂ ಫಲಿತಾಂಶದಲ್ಲಿ ಬೆರೆಯುತ್ತವೆ. ಆದುದರಿಂದಲೇ ಪರೀಕ್ಷಕರು ಬಾಯಿಯ ಗಾಳಿಯನ್ನು ಬಿಟ್ಟು, ನಿಶ್ವಾಸದ ಕೊನೆಯ ಭಾಗವನ್ನು, ಅಂದರೆ ವಾಯುಕೋಶಗಳ ಗಾಳಿಯನ್ನು, ಸಂಗ್ರಹಿಸಲು ಯತ್ನಿಸುತ್ತಾರೆ. ಕ್ಯಾನ್ಸರಿನಂತಹ ರೋಗಗಳನ್ನು ಉಸಿರಿನಿಂದ ಗುರುತಿಸುವ ಸಂಶೋಧನೆಗಳು ಇನ್ನೂ ದಿನನಿತ್ಯದ ಚಿಕಿತ್ಸೆಯ ಮಟ್ಟಕ್ಕೆ ಬಾರದಿರಲು ಈ ಬೆರಕೆಯೂ ಒಂದು ಕಾರಣ.

ಈ ಪಾಠದಲ್ಲಿ ಪ್ರತಿಯೊಂದು ಮನೆಯವರೂ ನೆನಪಿಡಬೇಕಾದ ಅಂಶವೊಂದಿದೆ. ಮಧುಮೇಹವುಳ್ಳವರು ವಾಂತಿ ಮಾಡುತ್ತ, ಆಳವಾಗಿ ಬೇಗಬೇಗನೆ ಉಸಿರಾಡುತ್ತ, ಮಂಕಾಗಿ ಕುಳಿತಿದ್ದರೆ, ಉಸಿರಿಗೆ ಕಳಿತ ಹಣ್ಣಿನಂತಹ ವಾಸನೆ ಇದ್ದರೆ, ಕುಡಿದಿದ್ದಾರೆಂದು ಭಾವಿಸಿ ಮಲಗಲು ಬಿಡಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲವಾದ್ದರಿಂದ, ವಾಸನೆಯಿಲ್ಲವೆಂದು ಸುಮ್ಮನಿರುವುದೂ ಸರಿಯಲ್ಲ. ಉಸಿರು ಸುಳಿವನ್ನು ಕೊಡುತ್ತದೆ; ಅದನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ವೈದ್ಯರ ಕೆಲಸ, ತಡಮಾಡದೆ ಅವರ ಬಳಿಗೆ ತಲುಪಿಸುವುದು ನಮ್ಮ ಕರ್ತವ್ಯ.