ಉಣ್ಣದ ಕೂಸಿನ ತಾಯಿಗೆ ಒಂದು ಕೈ ಹಚ್ಚಿ

ಕೂಸು ಉಣ್ಣಲೊಲ್ಲದು ಅಂದರೆ ಸಾಕು, ನಮ್ಮ ಗುರುಗುಂಟಾದಲ್ಲಿ ಓಣಿ ತುಂಬ ವೈದ್ಯರೇ. ಹೇಳುವವರು ಹತ್ತು ಮಂದಿ, ಕೂಸನ್ನು ಅರ್ಧ ತಾಸು ಎತ್ತಿಕೊಳ್ಳುವವರು ಒಬ್ಬರೂ ಇಲ್ಲ. ಅತ್ತೆ, ಅವ್ವ, ನಾದಿನಿ, ಗಂಡ, ಬಾಜೂ ಮನೆಯವರು, ಇದು ನಿಮಗೆ.

• ಮೊದಲು ತಾಯಿಗೆ ಉಣ್ಣಲು ಕೊಡಿ. ಎಲ್ಲರದೂ ಆದ ಮೇಲೆ ಉಳಿದ ರೊಟ್ಟಿ ಮುರಿಯುವವಳಿಗೆ ತುತ್ತು ಹಾಕುವ ತಾಳ್ಮೆ ಎಲ್ಲಿಂದ ಬರಬೇಕು? ಹಾಲುಣಿಸುವಾಗ ಪಕ್ಕದಲ್ಲಿ ನೀರಿನ ತಂಬಿಗೆ ಇಡಿ. ಬಾಣಂತಿಗೆ ನೀರು ಬಿಗಿ ಹಿಡಿಯುವ ಪದ್ಧತಿ ನಮ್ಮ ಬಿಸಿಲಿಗಂತೂ ಬೇಡ.

• 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಇದೆ. ನಾಚಿಕೆಗೆ ಬಿಡುತ್ತಾರೆ, ನೀವೇ ಕಳಿಸಿ. ಕೂಸಿನ ಹೆಸರಿಗೆ ಬಂದ ಹಿಟ್ಟಿನ ಪೊಟ್ಟಣ ಮನೆಮಂದಿಗೆಲ್ಲ ಉಂಡಿ ಆಗದಂತೆ ನೋಡಿ.

• "ನಿನಗೆ ಹಾಲೇ ಇಲ್ಲ" ಎನ್ನಬೇಡಿ. ಕೂಸು ಚೀಪಿದಷ್ಟೂ ಹಾಲು ಬರುತ್ತದೆ. ನಡುವೆ ಡಬ್ಬಿ ಹಾಲು ಕೊಟ್ಟರೆ ಚೀಪುವುದು ಕಡಿಮೆ, ಹಾಲೂ ಕಡಿಮೆ, ದುಡ್ಡೂ ಹೋಯಿತು.

• ಆರು ತಿಂಗಳ ತನಕ ಸಕ್ಕರೆ ನೀರು, ಗ್ರೈಪ್ ವಾಟರ್ ಬೇಡ. ಜೇನು ವರ್ಷ ತುಂಬುವ ತನಕವೂ ಬೇಡ.

• ಆರು ತುಂಬಿದ ಮೇಲೆ ತಡ ಮಾಡಬೇಡಿ. ತಿಳಿ ಕಟ್ಟು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಚಮಚದಿಂದ ಜಾರಿ ಬೀಳದಷ್ಟು ಗಟ್ಟಿ ಇರಲಿ. ಬಿಸಿ ಜೋಳದ ರೊಟ್ಟಿಯನ್ನು ಹೆಸರುಬೇಳೆಯಲ್ಲಿ ನೆನೆಸಿ, ಚೆನ್ನಾಗಿ ಕಿವುಚಿ, ಮೇಲೆ ಸ್ವಲ್ಪ ತುಪ್ಪ ಇಲ್ಲವೇ ಶೇಂಗಾ ಎಣ್ಣೆ ಬಿಡಿ. ಬೇಳೆಗೆ ಖಾರ ಹಾಕುವ ಮುಂಚೆಯೇ ಕೂಸಿನ ಪಾಲು ತೆಗೆದಿಟ್ಟರೆ ಎರಡನೇ ಸಲ ಒಲೆ ಹಚ್ಚುವುದು ಉಳಿಯಿತು. ಇಡೀ ಶೇಂಗಾ ಕಾಳು ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಪುಡಿ ಮಾಡಿ ಬೆರೆಸಿ.

• ಕೂಸಿಗೆ ಅದರದೇ ಬಟ್ಟಲು ಇಡಿ. ದೊಡ್ಡವರ ತಾಟಿನಲ್ಲಿ ಉಂಡರೆ ಎಷ್ಟು ಹೋಯಿತು ತಿಳಿಯುವುದಿಲ್ಲ. ಎರಡು ಮೂರು ಚಮಚದಿಂದ ಶುರು ಮಾಡಿ. ವರ್ಷದ ಹೊತ್ತಿಗೆ ಒಂದು ಊಟಕ್ಕೆ ಮುಕ್ಕಾಲು ಬಟ್ಟಲು ಹೋದರೆ ಸರಿ.

• ಉಗುಳಿತು ಅಂತ ಬಿಡಬೇಡಿ, ಹೊಸ ರುಚಿ ಹಿಡಿಸಲು ಎಂಟು ಹತ್ತು ಸಲ ಬೇಕಾಗಬಹುದು. ಮೂಗು ಹಿಡಿದು ಸುರಿಯಲೂಬೇಡಿ, ಶ್ವಾಸಕ್ಕೆ ಹೋಗುತ್ತದೆ.

• ಅಜ್ಜಂದಿರೇ, ಅಂಗಡಿಯ ಐದು ರೂಪಾಯಿ ಕುರುಕಲು ಬಿಡಿ. ಎರಡು ಪೊಟ್ಟಣದ ದುಡ್ಡು ಕೂಡಿಟ್ಟರೆ ಒಂದು ಮೊಟ್ಟೆ ಬರುತ್ತದೆ. ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಟ್ಟು ಆಮೇಲೆ ಸೊಸೆಯನ್ನು ಬೈಯುವುದು ನ್ಯಾಯವಲ್ಲ.

• ಹತ್ತಿ ಬಿಡಿಸುವ ದಿನಗಳಲ್ಲಿ ತಾಯಿ ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಹಗಲು ಯಾರು ಉಣಿಸುತ್ತಾರೆ ಎಂದು ಹಿಂದಿನ ರಾತ್ರಿಯೇ ಗೊತ್ತು ಮಾಡಿಕೊಳ್ಳಿ. ದೊಡ್ಡ ಮಗಳನ್ನು ಶಾಲೆ ಬಿಡಿಸಿ ಕೂರಿಸಬೇಡಿ, ಅವಳೂ ಕೂಸೇ. ಹೊಲಕ್ಕೇ ಒಯ್ದರೆ, ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದೇ ಹಾಲುಣಿಸಲಿ.

• ಭೇದಿಯಾದರೆ "ಹಲ್ಲು ಬರ್ತಾವ" ಎಂದು ಸುಮ್ಮನಿರಬೇಡಿ, ಊಟವನ್ನೂ ನಿಲ್ಲಿಸಬೇಡಿ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಉಳಿತಾಯಕ್ಕೆಂದು ಅರ್ಧರ್ಧ ಮಾಡಿದರೆ ಹದ ತಪ್ಪುತ್ತದೆ. ಕೊಟ್ಟ ಜಿಂಕ್ ಗುಳಿಗೆ 14 ದಿನ ಮುಗಿಸಿ.

• ದೃಷ್ಟಿ ತೆಗೆಯಿರಿ, ಬೇಡ ಅನ್ನುವುದಿಲ್ಲ. ಹೊಟ್ಟೆಗೆ ಬರೆ ಮಾತ್ರ ಹಾಕಿಸಬೇಡಿ. ಉಣ್ಣದ ಕೂಸಿಗೆ ಹುಣ್ಣೂ ಆಗುತ್ತದೆ, ಅಷ್ಟೇ.

• ನುಂಗುವಾಗ ಪ್ರತಿ ಸಲ ಕೆಮ್ಮುವುದು, ಹಾಲು ಮೂಗಿನಿಂದ ಬರುವುದು, ತುಟಿ ನೀಲಿಯಾಗುವುದು, ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿರುವುದು, ಒಂದೊಂದು ಊಟಕ್ಕೂ ತಾಸುಗಟ್ಟಲೆ ಹಿಡಿಯುವುದು ಹಟವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ. ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ತುಟಿ ನೀಲಿಯಾದರೆ ಆ ಕ್ಷಣವೇ ಹೊರಡಿ. ಅಂಥ ಕೂಸನ್ನು ಮಲಗಿಸಿ ಉಣಿಸಬೇಡಿ. ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ಬೀಳದಂತೆ ಹಿಡಿದು, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು ಹಾಕಿ. ಈ ಕೆಲಸಕ್ಕೆ ಎರಡು ಜೋಡಿ ಕೈ ಬೇಕು, ಒಂದು ಜೋಡಿ ನಿಮ್ಮದಾಗಲಿ.

• ಅಂಗನವಾಡಿಯಲ್ಲಿ ಆರು ತಿಂಗಳು ದಾಟಿದ ಕೂಸಿನ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾರೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಮನೆಮದ್ದಿಗೆ ಕೂರಬೇಡಿ. ರಾಯಚೂರಿನಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಇದೆ, ಸಾಮಾನ್ಯವಾಗಿ 14 ದಿನ ತಾಯಿ ಕೂಸು ಇಬ್ಬರನ್ನೂ ಇಟ್ಟುಕೊಳ್ಳುತ್ತಾರೆ. ಕೂಲಿ ತಪ್ಪುತ್ತದೆಂದು ತಾಯಿಗೆ ಭತ್ಯೆಯೂ ಉಂಟು. ಆದರೆ ಮನೆಯಲ್ಲಿ ಉಳಿದ ಮಕ್ಕಳನ್ನು, ಎಮ್ಮೆಯನ್ನು ನೋಡುವವರಿಲ್ಲ ಎಂದು ಎಷ್ಟೋ ತಾಯಂದಿರು ನಡುವೆಯೇ ಎದ್ದು ಬರುತ್ತಾರೆ. ಅದೊಂದನ್ನು ನೀವು ವಹಿಸಿಕೊಳ್ಳಿ, ಅವಳು ಕೂಸಿನ ಜೊತೆ ನಿಶ್ಚಿಂತೆಯಿಂದ ಇದ್ದು ಬರಲಿ.