ಹಬ್ಬದ ಮನೆಯಲ್ಲಿ ರಸಪ್ರಶ್ನೆ

ದೀಪಾವಳಿಯ ರಜೆಯಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವುದೂ, ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವವರು ಮನೆ ಸೇರುವುದೂ ನಮ್ಮಲ್ಲಿ ವಾಡಿಕೆಯಷ್ಟೆ. ಮೂರು ತಲೆಮಾರಿನ ಜನ ಒಂದೇ ಪಡಸಾಲೆಯಲ್ಲಿ ಕುಳಿತಾಗ ಎಲ್ಲರೂ ಕೂಡಿ ಆಡಬಹುದಾದ ಆಟವೊಂದು ಬೇಕಾಗುತ್ತದೆ. ದಾವಣಗೆರೆಯ ಅಂಚಿನ ಆವರಗೆರೆಯಲ್ಲಿರುವ ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ಸಂಜೆ ರಸಪ್ರಶ್ನೆಯ ಆಟ ನಡೆಸುವ ಪದ್ಧತಿ ಬೆಳೆದುಬಂದಿದೆ. ಪ್ರಶ್ನೆ ಕೇಳುವ ಕೆಲಸ ನಮ್ಮದು.

ಪ್ರಶ್ನೆಯ ಮೂಲಕ ಪಾಠ ಹೇಳುವುದು ಈ ನಾಡಿಗೆ ಹೊಸದಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಗಣಿತದ ಪಾಠವು ಸ್ವಾರಸ್ಯವಾದ ಪ್ರಶ್ನೆಗಳೊಡನೆ ನಡೆಯುತ್ತದೆ. ನಮ್ಮ ಅಜ್ಜಿಯರ ಒಗಟುಗಳೂ ಒಂದು ಬಗೆಯ ಪ್ರಶ್ನೋತ್ತರವೇ. 2002ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು ಆರಂಭಿಸಿದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವು ಸರಿಯುತ್ತರಕ್ಕೆ ಪುಸ್ತಕವನ್ನು ಬಹುಮಾನವಾಗಿ ಕೊಟ್ಟು, ಈ ಆಟವನ್ನು ಕನ್ನಡದ ಮನೆಮನೆಗೆ ಪರಿಚಯಿಸಿತು.

ಇಂತಹ ಆಟವನ್ನು ನಡೆಸುವುದು ಬಹು ಸುಲಭವೆಂದು ಮೊದಲು ತೋರುತ್ತದೆ. ಆದರೆ ಪ್ರಯೋಗಶಾಲೆಯಲ್ಲಿ ಒಂದು ಅಳತೆ ಮಾಡಲು ಎಷ್ಟು ಎಚ್ಚರಿಕೆ ಬೇಕೋ ಇದಕ್ಕೂ ಅಷ್ಟೇ ಎಚ್ಚರಿಕೆ ಬೇಕು. ಇದನ್ನು ನಾವು ಕಲಿತದ್ದು ನಮ್ಮದೇ ಒಂದು ತಪ್ಪಿನಿಂದ.

ಒಂದು ತಪ್ಪು ತೀರ್ಪು

ಕೆಲವು ವರ್ಷಗಳ ಹಿಂದಿನ ಮಾತು. ಹದಿನಾರು ಜನ ನಾಲ್ಕು ಗುಂಪುಗಳಾಗಿ ಕುಳಿತಿದ್ದರು. ನಡುವೆ ಮಂಡಕ್ಕಿಯ ಬುಟ್ಟಿ, ಬಿಸಿ ಮೆಣಸಿನಕಾಯಿ ಬಜ್ಜಿ. “ನೀರು ಎಷ್ಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ? 90, 98, 100, 110” ಎಂದು ಓದಿದೆವು. ಮೂರು ಗುಂಪಿನವರು ಚೀಟಿಯಲ್ಲಿ 100 ಎಂದು ಬರೆದುಕೊಟ್ಟರು. ಹರಿಹರದಿಂದ ಬಂದಿದ್ದ ನಮ್ಮ ಅಕ್ಕನ ಮಗಳು ತನ್ನ ಗುಂಪಿನ ಪರವಾಗಿ 98 ಎಂದು ಬರೆದಿದ್ದಳು. ಅವಳು ಆಗ ಒಂಬತ್ತನೆಯ ತರಗತಿ. ನಮ್ಮ ಕೈಯಲ್ಲಿದ್ದ ಹಾಳೆಯಲ್ಲಿ 100 ಎಂದಿತ್ತು. ತಪ್ಪು ಎಂದುಬಿಟ್ಟೆವು.

“ಮಾಮಾ, ನಮ್ಮ ಕಡೆ 98 ಅಲ್ಲವಾ?” ಎಂದು ಅವಳು ಕೇಳಿದಳು.

“ಪುಸ್ತಕದಲ್ಲಿ ಇರುವುದನ್ನು ಬರೆಯಬೇಕಮ್ಮ” ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋದೆವು. ಅವಳು ಆ ಸಂಜೆ ಮತ್ತೆ ಬಾಯಿ ಬಿಡಲಿಲ್ಲ. ಅವಳ ಗುಂಪು ಒಂದು ಅಂಕದಿಂದ ಸೋತಿತು. ಬಹುಮಾನದ ಪುಸ್ತಕ ನಮ್ಮ ಅಣ್ಣನ ಮಗನ ಗುಂಪಿಗೆ ಹೋಯಿತು.

ರಾತ್ರಿ ಆ ಮಾತು ನಮ್ಮ ಮನಸ್ಸನ್ನು ಕೊರೆಯತೊಡಗಿತು. ದ್ರವದ ಆವಿಯ ಒತ್ತಡವು ಸುತ್ತಲಿನ ವಾಯುವಿನ ಒತ್ತಡಕ್ಕೆ ಸಮವಾದಾಗ ದ್ರವವು ಕುದಿಯುತ್ತದೆಂದು ನಾವೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇವೆ. ವಾಯುವಿನ ಒತ್ತಡವು 760 ಮಿಲಿಮೀಟರು ಪಾದರಸದಷ್ಟಿದ್ದರೆ ಮಾತ್ರ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಒತ್ತಡ ಕುಗ್ಗುತ್ತದೆ. ಅದರೊಡನೆ ಕುದಿಬಿಂದುವೂ ಇಳಿಯುತ್ತದೆ. ಈ ಇಳಿತವು ಸುಮಾರು 300 ಮೀಟರು ಎತ್ತರಕ್ಕೆ ಒಂದು ಡಿಗ್ರಿಯಂತೆ ಇರುತ್ತದೆ. ದಾವಣಗೆರೆಯು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಮೇಲಿದೆ. ಆದುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿ ಕುದಿಯಬೇಕು.

ಬೆಳಿಗ್ಗೆ ಎಣ್ಣೆಸ್ನಾನ ಮುಗಿದ ಮೇಲೆ ಎಲ್ಲರನ್ನೂ ಅಡಿಗೆಯ ಮನೆಗೆ ಕರೆದೆವು. ಪ್ರಯೋಗಶಾಲೆಯಲ್ಲಿ ಬಳಸುವಂತಹ ಥರ್ಮಾಮೀಟರೊಂದು ಮನೆಯಲ್ಲಿತ್ತು. ಅದನ್ನು ನಂಬುವ ಮೊದಲು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟು ನೋಡಿದೆವು. ಪಾದರಸ ಸೊನ್ನೆಯ ಗೆರೆಗೆ ನಿಂತಿತು. ಬಳಿಕ ಕುದಿಯುವ ನೀರಿನಲ್ಲಿ, ಪಾತ್ರೆಯ ತಳಕ್ಕೆ ತಗಲದಂತೆ ಹಿಡಿದೆವು. ಪಾದರಸ 98ರ ಗೆರೆಯ ಬಳಿ ನಿಂತಿತು. ಉರಿಯನ್ನು ಹೆಚ್ಚಿಸಿದರೂ, ನೀರು ಉಕ್ಕಿ ಉಕ್ಕಿ ಕುದಿದರೂ, ಮೇಲಕ್ಕೇರಲಿಲ್ಲ. (ಜ್ವರ ನೋಡುವ ಥರ್ಮಾಮೀಟರನ್ನು ಇದಕ್ಕೆ ಎಂದೂ ಬಳಸಬಾರದು, ಕುದಿನೀರಿನ ಶಾಖಕ್ಕೆ ಅದು ಒಡೆದುಹೋಗುತ್ತದೆ.)

ಹುಡುಗಿಗೆ ಇದು ಹೇಗೆ ಗೊತ್ತಾಯಿತೆಂದು ವಿಚಾರಿಸಿದೆವು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಬರೆದಿರುವುದನ್ನು ಅವಳು ಓದಿದ್ದಳು. ಬೆಟ್ಟದ ಮೇಲೆ ಬೇಳೆ ಬೇಯುವುದು ತಡವೆಂಬ ಪಾಠವನ್ನೂ ಓದಿದ್ದಳು. ಎರಡನ್ನೂ ಕೂಡಿಸಿದ್ದಳು, ಅಷ್ಟೆ. ಆ ಪಾಠವನ್ನು ನಾವೂ ಓದಿದ್ದೆವು, ಆ ಫಲಕವನ್ನು ನಾವೂ ನೂರು ಸಲ ನೋಡಿದ್ದೆವು, ಕೂಡಿಸಿರಲಿಲ್ಲ.

ಎಲ್ಲರೆದುರಿಗೆ ತೀರ್ಪನ್ನು ತಿದ್ದಿದೆವು. ಅವಳ ಗುಂಪಿಗೆ ಒಂದು ಅಂಕ ಸೇರಿತು. ತಪ್ಪೆಂದು ಕಳೆದಿದ್ದ ಮೂರನೆಯ ಒಂದು ಅಂಕವೂ ಮರಳಿ ಬಂದಿತು. ಷರತ್ತನ್ನು ಹೇಳದೆ ಪ್ರಶ್ನೆ ಕೇಳಿದ್ದು ನಮ್ಮ ತಪ್ಪಾದುದರಿಂದ 100 ಎಂದು ಬರೆದವರ ಅಂಕವನ್ನು ಮುಟ್ಟಲಿಲ್ಲ. ಹೀಗೆ ಸೋತ ಗುಂಪು ಮೂರನೆಯ ಒಂದು ಅಂಕದಿಂದ ಗೆದ್ದಿತು. ಪುಸ್ತಕ ಕೈ ಬದಲಾಯಿಸಿತು. ಅದಕ್ಕಾಗಿ ಅಣ್ಣನ ಮಗನು ಎರಡು ದಿನ ನಮ್ಮೊಡನೆ ಮಾತು ಬಿಟ್ಟನು.

ಪ್ರಶ್ನೆಯ ಷರತ್ತು

ಈ ಪ್ರಸಂಗದಿಂದ ತಿಳಿಯತಕ್ಕ ಮೊದಲನೆಯ ಪಾಠವೆಂದರೆ, ಎಲ್ಲಿ, ಯಾವಾಗ, ಯಾವ ಅಳತೆಯಿಂದ ಎಂಬುದನ್ನು ಹೇಳದ ಪ್ರಶ್ನೆಯು ಪೂರ್ಣವಾದ ಪ್ರಶ್ನೆಯಲ್ಲ. “ಸಮುದ್ರಮಟ್ಟದಲ್ಲಿ ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ?” ಎಂದು ಕೇಳಿದ್ದರೆ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ.

ಕಾಲವೂ ಒಂದು ಷರತ್ತೇ. “ದಾವಣಗೆರೆ ಯಾವ ಜಿಲ್ಲೆಯಲ್ಲಿದೆ?” ಎಂದರೆ ಇಂದಿನ ಮಕ್ಕಳು ನಗುತ್ತಾರೆ. ಆದರೆ ದಾವಣಗೆರೆ ಜಿಲ್ಲೆಯು ರಚನೆಯಾದುದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಶಾಲೆಯಲ್ಲಿ ಓದಿದವರಿಗೆ ಚಿತ್ರದುರ್ಗ ಜಿಲ್ಲೆಯೆಂಬುದೇ ಸರಿಯುತ್ತರವಾಗಿತ್ತು. ಹರಪನಹಳ್ಳಿಯು ಅದೇ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿ, ಮುಂದೆ ಮರಳಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಭೂಮಿಯ ಜಿಲ್ಲೆಗಳ ಮಾತು ಹಾಗಿರಲಿ, ಆಕಾಶದಲ್ಲಿಯೂ ಇದೇ ಕಥೆ: 2006ರ ವರೆಗೆ ಗ್ರಹಗಳು ಒಂಬತ್ತು, ಪ್ಲೂಟೋವನ್ನು ಕುಬ್ಜಗ್ರಹವೆಂದು ವಿಂಗಡಿಸಿದ ಮೇಲೆ ಎಂಟು. ತಾತನೂ ಮೊಮ್ಮಗಳೂ ಬೇರೆ ಬೇರೆ ಉತ್ತರ ಕೊಟ್ಟರೆ ಒಬ್ಬರು ದಡ್ಡರೆಂದಲ್ಲ. ಪ್ರಶ್ನೆಯಲ್ಲಿ ಇಸವಿ ಇರಲಿಲ್ಲವೆಂದು ಅರ್ಥ.

ಅಳತೆಯ ವಿಷಯವೂ ಹೀಗೆಯೇ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎಷ್ಟನೆಯ ದೊಡ್ಡ ಕೆರೆ ಎಂಬ ಪ್ರಶ್ನೆ ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ದೊಡ್ಡದೆಂದರೆ ನೀರಿನ ಹರವೋ, ನೀರಿನ ಮೊತ್ತವೋ, ಏರಿಯ ಉದ್ದವೋ? ಯಾವುದೆಂದು ನಿಶ್ಚಯಿಸದೆ ಸ್ಥಾನ ಹೇಳಲಾಗದು.

ನಕಲಾಗಿ ಬರುವ ತಪ್ಪು

ಉತ್ತರದ ಹಾಳೆಯನ್ನು ನಂಬಿ ಕೆಟ್ಟವರು ನಾವೊಬ್ಬರೇ ಅಲ್ಲ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1979ರಲ್ಲಿ ಇಬ್ಬರು ಪತ್ರಕರ್ತರು ‘ಟ್ರಿವಿಯಲ್ ಪರ್ಸ್ಯೂಟ್’ ಎಂಬ ಮನೆಯಾಟವನ್ನು ಕಲ್ಪಿಸಿದರು. ಅದು ಜಗತ್ತಿನಲ್ಲೆಲ್ಲ ಹೆಸರಾಯಿತು. ಫ್ರೆಡ್ ವರ್ತ್ ಎಂಬ ಲೇಖಕನು ತನ್ನ ಸಂಗತಿಕೋಶದಲ್ಲಿ, ಅಮೆರಿಕದ ದೂರದರ್ಶನ ಕಥೆಗಳ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂದು ಬೇಕೆಂದೇ ಒಂದು ಸುಳ್ಳನ್ನು ಸೇರಿಸಿದ್ದನು. ತನ್ನ ಪುಸ್ತಕವನ್ನು ಯಾರಾದರೂ ನಕಲು ಮಾಡಿದರೆ ಸಿಕ್ಕಿಬೀಳಲೆಂಬುದು ಅವನ ಉಪಾಯ. ಆ ಸುಳ್ಳು ಮನೆಯಾಟದ ಚೀಟಿಯಲ್ಲಿ ಸರಿಯುತ್ತರವಾಗಿ ಕಾಣಿಸಿಕೊಂಡಿತು! ಅವನು 1984ರಲ್ಲಿ ಮೊಕದ್ದಮೆ ಹೂಡಿದನು. ಸಂಗತಿಗಳು ಯಾರೊಬ್ಬರ ಸ್ವತ್ತೂ ಅಲ್ಲವೆಂಬ ಕಾರಣದಿಂದ ಅವನು ಸೋತನು. ಆದರೆ ಒಂದು ಪುಸ್ತಕದ ತಪ್ಪು ಸಾವಿರಾರು ಮನೆಗಳಲ್ಲಿ ಸರಿಯುತ್ತರವಾಗಬಹುದೆಂಬುದು ಸಿದ್ಧವಾಯಿತು.

ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುವ ಮಾನವ ನಿರ್ಮಾಣ ಚೀನದ ಮಹಾಗೋಡೆ ಎಂಬ ಉತ್ತರವೂ ಇಂತಹುದೇ. 2003ರಲ್ಲಿ ಚೀನದ ಮೊದಲ ಬಾಹ್ಯಾಕಾಶಯಾತ್ರಿ ಯಾಂಗ್ ಲಿವೈ ಹಿಂದಿರುಗಿ, ಗೋಡೆ ತನಗೆ ಕಾಣಲಿಲ್ಲವೆಂದು ಹೇಳಿದನು. ಒಂದು ಉತ್ತರವನ್ನು ಹತ್ತು ಕಡೆ ಓದಿದೆವೆಂದರೆ ಹತ್ತು ಸಾಕ್ಷಿಗಳು ದೊರೆತಂತೆ ಆಗುವುದಿಲ್ಲ; ಹತ್ತೂ ಒಂದರ ನಕಲಾಗಿರಬಹುದು.

ಊಹೆಯ ಪಾಲು

ಇನ್ನು ಅಂಕಗಳ ವಿಷಯ. ‘ಸರಿಯೋ ತಪ್ಪೋ’ ಎಂಬ ಮಾದರಿಯ 10 ಪ್ರಶ್ನೆಗಳಿವೆಯೆಂದೂ, ಏನೂ ತಿಳಿಯದವನು ನಾಣ್ಯ ಚಿಮ್ಮಿ ಉತ್ತರ ಬರೆಯುವನೆಂದೂ ಭಾವಿಸೋಣ. ಉತ್ತರಗಳು ಒಟ್ಟು 1024 ರೀತಿಗಳಲ್ಲಿ ಬರಬಹುದು. ಅವುಗಳಲ್ಲಿ 7 ಅಥವಾ ಹೆಚ್ಚು ಸರಿಯಾಗುವ ರೀತಿಗಳು 120 + 45 + 10 + 1, ಅಂದರೆ 176. ಆರರಲ್ಲಿ ಒಂದು ಸಲಕ್ಕಿಂತಲೂ ಹೆಚ್ಚಾಗಿ ಅವನಿಗೆ ಹತ್ತಕ್ಕೆ ಏಳು ಬರುತ್ತದೆ! ನಾಲ್ಕು ಗುಂಪಿನವರೂ ನಾಣ್ಯವನ್ನೇ ಚಿಮ್ಮಿದರೆ, ಕೊನೆಯ ಪಕ್ಷ ಒಂದು ಗುಂಪಿಗೆ ಏಳು ಬರುವ ಸಂಭವ 100ಕ್ಕೆ 53. ಆ ಗುಂಪನ್ನು ಬುದ್ಧಿವಂತರೆಂದು ನಾವು ಹೊಗಳುತ್ತಿರುತ್ತೇವೆ.

ನಾಲ್ಕು ಆಯ್ಕೆಗಳನ್ನು ಕೊಟ್ಟರೆ ಊಹೆಯ ಬಲ ಕುಗ್ಗುತ್ತದೆ; ಹತ್ತರಲ್ಲಿ ಐದು ಅಥವಾ ಹೆಚ್ಚು ಸರಿಯಾಗುವ ಸಂಭವ ಆಗ 100ಕ್ಕೆ ಸುಮಾರು 8 ಮಾತ್ರ. ಪ್ರತಿ ತಪ್ಪಿಗೆ ಮೂರನೆಯ ಒಂದು ಅಂಕ ಕಳೆದರೆ ಊಹೆಯ ಲಾಭ ಸರಾಸರಿಯಲ್ಲಿ ಸೊನ್ನೆಯಾಗುತ್ತದೆ. ಹೇಗೆಂದರೆ, 12 ಪ್ರಶ್ನೆಗಳನ್ನು ಊಹಿಸಿದವನಿಗೆ ಸರಾಸರಿ 3 ಸರಿ, 9 ತಪ್ಪು. ಬಂದದ್ದು 3, ಕಳೆದದ್ದು 9ರ ಮೂರನೆಯ ಒಂದು ಪಾಲು, ಅದೂ 3. ಪ್ರಶ್ನೆಗಳ ಸಂಖ್ಯೆ ಹೆಚ್ಚಿದಷ್ಟೂ ಅದೃಷ್ಟದ ಪಾಲು ಕಡಿಮೆಯಾಗುವುದರಿಂದ 20ಕ್ಕೆ ಕಡಿಮೆಯಿಲ್ಲದಂತೆ ಪ್ರಶ್ನೆಗಳನ್ನಿಡುವುದು ಒಳ್ಳೆಯದು.

ಮೊದಲು ಕೈ ಎತ್ತಿದವರು ಯಾರು?

ಕೈ ಎತ್ತಿಸುವ ಆಟದಲ್ಲಿ ಜಗಳ ತಪ್ಪಿದ್ದಲ್ಲ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಇದನ್ನು ಅಳೆಯುವುದು ಸುಲಭ. ಒಬ್ಬರು ಅಳತೆಪಟ್ಟಿಯನ್ನು ನೇರವಾಗಿ ತೂಗುಹಿಡಿದು, ಹೇಳದೆ ಬಿಡಲಿ. ಇನ್ನೊಬ್ಬರು ಅದರ ಕೆಳತುದಿಯ ಬಳಿ ಬೆರಳುಗಳನ್ನು ಅಗಲಿಸಿಕೊಂಡಿದ್ದು ಹಿಡಿಯಲಿ. ಪಟ್ಟಿ ಸುಮಾರು 20 ಸೆಂಟಿಮೀಟರು ಜಾರಿರುತ್ತದೆ, 0.2 ಸೆಕೆಂಡಿನಲ್ಲಿ ವಸ್ತು ಬೀಳುವ ದೂರ ಅಷ್ಟೇ. ಇಬ್ಬರು ಅತಿ ಸಣ್ಣ ಅಂತರದಲ್ಲಿ ಕೈ ಎತ್ತಿದರೆ ಯಾರು ಮೊದಲೆಂದು ಪ್ರಶ್ನೆ ಕೇಳುವವನು ನ್ಯಾಯವಾಗಿ ಹೇಳಲಾರ. ಅದೂ ಅಲ್ಲದೆ ವಯಸ್ಸಾದವರು ಓಟದಲ್ಲಿ ಹಿಂದೆ ಬೀಳುತ್ತಾರೆ, ಜ್ಞಾನದಲ್ಲಿ ಅಲ್ಲ. ಚೀಟಿಯಲ್ಲಿ ಉತ್ತರ ಬರೆಯಲು ಎಲ್ಲರಿಗೂ 30 ಸೆಕೆಂಡು ಕೊಡುವುದೇ ನ್ಯಾಯ. ಬರೆಯಲಾರದವರ ಪರವಾಗಿ ಗುಂಪಿನ ಹುಡುಗರು ಬರೆಯಲಿ.

ಎಲ್ಲರ ಪಾಲಿನ ಪ್ರಶ್ನೆ

ಪ್ರತಿ ತಲೆಮಾರಿಗೂ ತನ್ನದೇ ಆದ ಪ್ರಶ್ನೆ ಸಿಗಬೇಕು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬರುವ ಮೊದಲು ಒಂದು ರೂಪಾಯಿಗೆ ಎಷ್ಟು ಆಣೆ, ಎಷ್ಟು ಪೈ? 16 ಆಣೆ, 192 ಪೈ ಎಂದು ನಮ್ಮ ಅಜ್ಜಿ ಥಟ್ಟನೆ ಹೇಳಿದಾಗ ಮೊಮ್ಮಕ್ಕಳು ಬೆರಗಾದರು. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿನಲ್ಲಿ ಕಟ್ಟಿಸಿದವನು ಯಾರು? ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ. ಇದು ಚರಿತ್ರೆ ಓದಿದವರ ಪಾಲು. ಬುಟ್ಟಿಯಲ್ಲಿರುವ ಮಂಡಕ್ಕಿ ಅರಳಿದ್ದು ಹೇಗೆ? ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿಯೊಳಗಿನ ನೀರು ಒಮ್ಮೆಲೇ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ದಾವಣಗೆರೆಯ ಭಟ್ಟಿಗಳನ್ನು ಕಂಡವರಿಗೆ ಇದು ತಿಳಿದ ಮಾತು.

ಪರೀಕ್ಷಿಸಿ ನೋಡಿರಿ

ವಿದ್ಯಾರ್ಥಿಗಳೇ, ಮುಂದಿನ ಹಬ್ಬಕ್ಕೆ ಎರಡು ಪ್ರಶ್ನೆಗಳನ್ನು ಕೊಡುತ್ತೇವೆ. ಉತ್ತರವನ್ನೂ ಹೇಳುತ್ತೇವೆ, ನಮ್ಮ ಮಾತನ್ನು ಹಾಗೆಯೇ ನಂಬಬೇಡಿರಿ.

1. ದೀಪಾವಳಿಯ ಹೊತ್ತಿಗೆ ಆವರಗೆರೆಯಲ್ಲಿ ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ? ಹನ್ನೆರಡಕ್ಕೆ ಅಲ್ಲ, ಸುಮಾರು 12 ಗಂಟೆ 10 ನಿಮಿಷಕ್ಕೆ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ನಾವಿರುವುದು ಸುಮಾರು 76 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ 26 ನಿಮಿಷ ತಡವಾಗಬೇಕು; ಆದರೆ ಆ ದಿನಗಳಲ್ಲಿ ಸೂರ್ಯನು ಗಡಿಯಾರದ ಸರಾಸರಿ ಕಾಲಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತಾನೆ. ಪರೀಕ್ಷೆಗೆ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನು ಕೇಂದ್ರವಾಗಿಟ್ಟು ವೃತ್ತ ಎಳೆಯಿರಿ. ನೆರಳಿನ ತುದಿ ವೃತ್ತವನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಮುಟ್ಟುವ ಕಾಲಗಳನ್ನು ಬರೆದುಕೊಳ್ಳಿರಿ. ಎರಡರ ನಡುವಣ ಕಾಲವೇ ನಿಜವಾದ ನಡುಹಗಲು.

2. ಉಷ್ಣತೆ ಮತ್ತು ಒತ್ತಡ ಒಂದೇ ಆಗಿರುವಾಗ ಒಣ ಗಾಳಿ ಭಾರವೋ, ತೇವದ ಗಾಳಿಯೋ? ಒಣ ಗಾಳಿಯೇ ಭಾರ. ನೀರಿನ ಅಣುಭಾರ 18. ಅದು ಸ್ಥಳಾಂತರಿಸುವ ನೈಟ್ರೋಜನ್ನಿನದು 28, ಆಕ್ಸಿಜನ್ನಿನದು 32. ಬಹುಮಂದಿ ತಪ್ಪುವ ಪ್ರಶ್ನೆಯಿದು; ಆದುದರಿಂದ ವಾದಕ್ಕೆ ಸಿದ್ಧರಾಗಿರಿ.

ಯಾರಾದರೂ ನಿಮ್ಮ ಹಾಳೆಗೆ ವಿರುದ್ಧವಾದ ಉತ್ತರ ಕೊಟ್ಟರೆ ತಪ್ಪೆನ್ನುವ ಮೊದಲು “ಹೇಗೆ ಹೇಳುವಿರಿ?” ಎಂದು ಕೇಳಿರಿ. ನಮ್ಮ ಅಕ್ಕನ ಮಗಳನ್ನು ಆ ಸಂಜೆ ಹಾಗೆ ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಈಗ ನಮ್ಮ ಮನೆಯ ಆಟದಲ್ಲಿ ಇದೇ ಮೊದಲನೆಯ ನಿಯಮ. ಅದನ್ನು ಹಾಳೆಯ ತಲೆಯ ಮೇಲೆ ಪ್ರತಿ ವರ್ಷ ಬರೆಯುವವಳು ಅವಳೇ.